ಹಸಿರು ಟಿಕ್ ಮಾರ್ಕೂ ನಮ್ಮ ಹೆಬ್ಬೆಟ್ಟೂ

ವರ್ಷದ ಕೊನೆ ಹತ್ತಿರ ಬಂತು ಅಂದ್ರೆ ನಮ್ಮೆಲ್ಲರ ಫೋನಿಗೂ ಒಂದೇ ಬಗೆಯ ಮೇಲ್‌ಗಳು ಬರಲು ಶುರುವಾಗುತ್ತವೆ. ‘ನಿಮ್ಮ ತರಬೇತಿ ಬಾಕಿ ಇದೆ’, ‘ಇನ್ನು ಐದೇ ದಿನ’, ಕೊನೆಗೆ ಕೆಂಪು ಅಕ್ಷರದಲ್ಲಿ ‘ಗಡುವು ಮೀರಿದೆ’. ಬ್ಯಾಂಕಿನಲ್ಲಿ ಕೋಡ್ ಬರೆಯುವವರಿಗೆ ಸೈಬರ್ ಭದ್ರತೆಯ ಪಾಠ, ಆಸ್ಪತ್ರೆಯಲ್ಲಿರುವವರಿಗೆ ರೋಗಿಗಳ ಮಾಹಿತಿ ಕಾಪಾಡುವ ಪಾಠ, ಟರ್ನ್‌ಪೈಕಿನ ಎಕ್ಸಿಟ್ 8ಎ ಸುತ್ತಮುತ್ತಲ ಗೋದಾಮುಗಳಲ್ಲಿ ದುಡಿಯುವವರಿಗೆ ಭಾರ ಎತ್ತುವ, ಗಾಡಿ ಓಡಿಸುವ ಪಾಠ. ಪಾಠ ಬೇರೆ ಬೇರೆ, ನಾವು ಮಾಡುವುದು ಮಾತ್ರ ಒಂದೇ. ಒಲೆ ಮೇಲೆ ಕುಕ್ಕರ್ ಕೂಗ್ತಿರುತ್ತೆ, ಈ ಕಡೆ ಲ್ಯಾಪ್‌ಟಾಪಿನಲ್ಲಿ ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್. ಕೊನೆಗೊಂದು ಹಸಿರು ಟಿಕ್ ಮಾರ್ಕು. ಅಬ್ಬಾ, ಮುಗೀತು.

ಈ ತಿಂಗಳ ಅಂಕಣ ಆ ಟಿಕ್ ಮಾರ್ಕಿನ ಬಗ್ಗೆ. ಅದು ಯಾರಿಗೆ ಕಾಣುತ್ತೆ, ಏನು ಹೇಳುತ್ತೆ, ಏನು ಹೇಳೋದಿಲ್ಲ ಅನ್ನೋದನ್ನ ತಿಳ್ಕೊಂಡಿದ್ರೆ ಒಳ್ಳೇದು. ಹೀಗೆ ಬರೆಯೋದಕ್ಕೆ ಕಾರಣ, ನಮ್ಮ ಬಳಗದ ಹಿರಿಯರೊಬ್ಬರು.

ಅವರು ಹಾವೇರಿ ಕಡೆಯವರು. ತಮ್ಮ ಹಾಕಿದ ಅರ್ಜಿ ವರ್ಷಗಟ್ಟಲೆ ಕಾದು ಮಂಜೂರಾಗಿ, ಐವತ್ತು ದಾಟಿದ ಮೇಲೆ ಹಸಿರು ಕಾರ್ಡಿನಲ್ಲಿ ಬಂದವರು. ಊರಲ್ಲಿ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಕೈ. ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಒಂದು ಭಾನುವಾರ ಸಂಜೆ ನಮ್ಮ ಹತ್ತಿರ ಬಂದು ಕೂತರು. ಚಹಾ ಕುಡಿದು ಲೋಟ ಕೆಳಗಿಡುವ ತನಕ ಮಾತಿಲ್ಲ. ಆಮೇಲೆ ಹೇಳಿದ್ದು ಇಷ್ಟು:

“ಫೋರ್ಕ್‌ಲಿಫ್ಟಿಂದು ಪಾಠ ಅಂತ ಬಂದಿತ್ರಿ ಫೋನಿಗೆ. ಇಂಗ್ಲಿಷ್‌ನ್ಯಾಗ ಇತ್ತು. ಮಗಗ ಕೊಟ್ಟೆ, ಹತ್ತು ನಿಮಿಷದಾಗ ಒತ್ತಿ ಮುಗಿಸಿ ಕೊಟ್ಟ. ನಿನ್ನಿ ಸೂಪರ್‌ವೈಸರ್ ಟ್ಯಾಬ್ ನೋಡಿದಾ, ನನ್ನ ಹೆಸರಿನ ಮುಂದ ಹಸಿರು ಐತಿ. ‘ನಿಂದು ಟ್ರೇನಿಂಗ್ ಆಗೇತಲ್ಲ, ಆ ಗಾಡಿ ತಗೊ’ ಅಂದ. ನಾ ಹೊಟ್ಟಿನೋವು ಅಂತ ಹೇಳಿ ಮನಿಗೆ ಬಂದೇನ್ರಿ. ನಾಳೆ ಏನ್ ಹೇಳ್ಲಿ?”

ಅವರ ಸಂಕಟ ನೋಡಿ. ನಿಜ ಹೇಳಿದ್ರೆ ಸುಳ್ಳು ದಾಖಲೆ ಮಾಡಿದ ಹಾಗಾಯ್ತು, ಕೆಲಸ ಹೋಗಬಹುದು. ಸುಮ್ಮನಿದ್ರೆ ಗೊತ್ತಿಲ್ಲದ ಗಾಡಿ ಓಡಿಸಬೇಕು. ‘ಟ್ರ್ಯಾಕ್ಟರ್ ಓಡಿಸಿದವರಿಗೆ ಇದೇನು ಮಹಾ’ ಅನ್ನಬೇಡಿ. ಟ್ರ್ಯಾಕ್ಟರಿನಲ್ಲಿ ತಿರುಗುವುದು ಮುಂದಿನ ಚಕ್ರ, ಫೋರ್ಕ್‌ಲಿಫ್ಟಿನಲ್ಲಿ ಹಿಂದಿನದು. ಮೂತಿ ಎಡಕ್ಕೆ ತಿರುಗಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ, ಅಲ್ಲಿ ಯಾರಾದರೂ ನಿಂತಿದ್ದರೆ ಗೋಡೆಗೂ ಗಾಡಿಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಭಾರ ಮೇಲೆ ಎತ್ತಿಕೊಂಡು ತಿರುಗಿದರೆ ಗಾಡಿ ಮಗುಚಬಹುದು. ಮಗುಚುವಾಗ ಹೊರಗೆ ಹಾರಬೇಕು ಅಂತ ಮೈಯಿಗೆ ಅನ್ನಿಸುತ್ತೆ, ಊರಿನ ಅಭ್ಯಾಸವೂ ಹಾಗೇ ಹೇಳುತ್ತೆ. ಆದರೆ ಕೂತು ಓಡಿಸುವ ಫೋರ್ಕ್‌ಲಿಫ್ಟಿನಿಂದ ಹಾರಿದವರು ಅದರ ಕೆಳಗೇ ಸಿಕ್ಕಿ ಸಾಯುತ್ತಾರೆ. ಬೆಲ್ಟು ಹಾಕಿಕೊಂಡು, ಸೀಟಿನಲ್ಲೇ ಕೂತು, ಬಿಗಿಯಾಗಿ ಹಿಡಿದು, ಮಗುಚುವ ದಿಕ್ಕಿನ ವಿರುದ್ಧಕ್ಕೆ ವಾಲಬೇಕು. ಇಂಥದ್ದನ್ನೇ ಆ ಪಾಠ ಹೇಳಬೇಕಿದ್ದದ್ದು. ಅದನ್ನೆಲ್ಲ ಮಗನ ಬೆರಳು ದಾಟಿಸಿಬಿಟ್ಟಿತ್ತು.

ಈಗ ಆ ಸಾಧನದ ವಿಚಾರಕ್ಕೆ ಬರೋಣ. ಇಂಥ ತಂತ್ರಾಂಶಕ್ಕೆ ಎಲ್‌ಎಂಎಸ್ ಅಂತಾರೆ. ಒಂದು ಕಂಪನಿಯಲ್ಲಿ ವರ್ಕ್‌ಡೇ, ಇನ್ನೊಂದರಲ್ಲಿ ಕಾರ್ನರ್‌ಸ್ಟೋನ್, ಮತ್ತೊಂದರಲ್ಲಿ ಸಕ್ಸೆಸ್‌ಫ್ಯಾಕ್ಟರ್ಸ್ ಅಥವಾ ಮೂಡಲ್. ಹೆಸರು ಯಾವುದಾದರೂ ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ನೀವು ಪಾಠ ತೆರೆದ ಕೂಡಲೇ ಪಾಠದ ಪುಟ ಹಿಂದಿನ ಸರ್ವರಿಗೆ ಚಿಕ್ಕ ಚಿಕ್ಕ ಸುದ್ದಿ ಕಳಿಸುತ್ತಾ ಹೋಗುತ್ತೆ: ಯಾರು, ಯಾವಾಗ ತೆರೆದರು, ಎಷ್ಟು ಹೊತ್ತು ಇದ್ದರು, ಯಾವ ಪುಟಕ್ಕೆ ನಿಲ್ಲಿಸಿದರು, ಎಷ್ಟು ಅಂಕ. ಈ ಸುದ್ದಿ ಯಾವ ರೂಪದಲ್ಲಿ ಹೋಗಬೇಕು ಅನ್ನೋದಕ್ಕೆ ಸ್ಕಾರ್ಮ್ ಅಂತ ಒಂದು ನಿಯಮಾವಳಿ ಇದೆ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆಯಲ್ಲಿ ಹುಟ್ಟಿದ್ದು. 2001ರಲ್ಲಿ ಬಂದ ಅದರ 1.2 ಆವೃತ್ತಿ ಇವತ್ತಿಗೂ ಓಡ್ತಾ ಇದೆ. ಆ ಆವೃತ್ತಿಯಲ್ಲಿ ಕಲಿಯುವವನ ಸ್ಥಿತಿ ಬರೆಯಲು ಆರೇ ಪದಗಳಿವೆ: ಇನ್ನೂ ಮುಟ್ಟಿಲ್ಲ, ಸುಮ್ಮನೆ ತಿರುವಿ ನೋಡಿದ್ದಾನೆ, ಅರ್ಧ ಆಗಿದೆ, ಮುಗಿದಿದೆ, ಪಾಸು, ಫೇಲು. ‘ಅರ್ಥವಾಗಿದೆ’ ಅನ್ನೋ ಪದ ಈ ಆರರಲ್ಲಿ ಇಲ್ಲ.

ಎಷ್ಟೋ ಪಾಠಗಳಲ್ಲಿ ಕೊನೆಯ ಪುಟ ಮುಟ್ಟಿದರೆ ಸಾಕು, ‘ಮುಗಿದಿದೆ’ ಅಂತ ಸುದ್ದಿ ಹೋಗುತ್ತೆ. ಮೇಲಿನವರ ಪರದೆಯಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳು. ಇಂಥ ವಿಭಾಗದಲ್ಲಿ ಶೇಕಡಾ ಇಷ್ಟು ಮುಗಿದಿದೆ, ಇಂಥವರದು ಬಾಕಿ. ನೀವು ಪಾಠ ತೆರೆದಿಟ್ಟು ಸ್ನಾನಕ್ಕೆ ಹೋದರೆ ಆ ಹೊತ್ತೂ ಕಲಿತ ಲೆಕ್ಕಕ್ಕೆ ಸೇರಬಹುದು. ಮಗ ಒತ್ತಿದರೂ ಹೆಸರು ಅಪ್ಪಂದೇ. ಸಾಧನಕ್ಕೆ ಬೆರಳು ಯಾರದೆಂದು ಕಾಣೋದಿಲ್ಲ, ಲಾಗಿನ್ ಯಾರದೆಂದು ಮಾತ್ರ ಕಾಣುತ್ತೆ.

ಇನ್ನೊಂದು ಮಾತು. ಬಹಳ ಪಾಠಗಳ ಕೊನೆಗೆ ‘ಓದಿದ್ದೇನೆ, ತಿಳಿದುಕೊಂಡಿದ್ದೇನೆ’ ಅಂತ ಒಂದು ಚೌಕ ಇರುತ್ತೆ. ನಮ್ಮ ಅಜ್ಜಂದಿರಿಗೆ ಒಂದು ಬುದ್ಧಿಮಾತು ಇತ್ತು: ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡ. ಒತ್ತಿದವರ ಹೊಲ ಯಾರದೋ ಪಾಲಾದದ್ದನ್ನು ನಾವೆಲ್ಲ ಊರಲ್ಲಿ ಕಂಡವರೇ. ಈಗ ಇಂಜಿನಿಯರಿಂಗ್ ಓದಿದ ನಾವೂ ವರ್ಷಕ್ಕೆ ಹತ್ತು ಸಲ ಓದದೆ ಹೆಬ್ಬೆಟ್ಟು ಒತ್ತುತ್ತಿದ್ದೇವೆ. ನಾಳೆ ಏನಾದರೂ ಅವಘಡ ಆದರೆ, ಮಾಹಿತಿ ಸೋರಿದರೆ, ಮೊದಲು ಹೊರಗೆ ಬರುವ ಕಾಗದ ಅದೇ: ಇವರಿಗೆ ಇಂಥ ದಿನ ಹೇಳಿಕೊಟ್ಟಿದ್ದೆವು, ತಿಳಿಯಿತು ಅಂತ ಒಪ್ಪಿದ್ದಾರೆ. ಟಿಕ್ ಮಾರ್ಕು ಒಂದು ಸಾಕ್ಷಿ. ಅದು ಯಾರ ಪರ ಸಾಕ್ಷಿ ಹೇಳುತ್ತೆ ಅನ್ನೋದು ನಾವು ಪಾಠ ಹೇಗೆ ಮಾಡಿದ್ದೆವು ಅನ್ನೋದರ ಮೇಲೆ ನಿಂತಿದೆ.

ಹಾಗಂತ ಕಂಪನಿಗೂ ಟಿಕ್ ಮಾರ್ಕೊಂದೇ ಸಾಲದು. ಇದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿ. ಫೋರ್ಕ್‌ಲಿಫ್ಟಿಗೆ ಓಶಾ ನಿಯಮ ಮೂರು ಹೆಜ್ಜೆ ಕೇಳುತ್ತೆ. ಮೊದಲು ಪಾಠ, ಅದು ಕಂಪ್ಯೂಟರಿನಲ್ಲಿ ಆದರೂ ಆದೀತು. ಎರಡನೆಯದು ಕೈಯಾರೆ ಮಾಡಿಸುವ ಅಭ್ಯಾಸ. ಮೂರನೆಯದು ಕೆಲಸದ ಜಾಗದಲ್ಲಿ ನೀವು ಓಡಿಸುವುದನ್ನು ತಿಳಿದವರು ನಿಂತು ನೋಡಿ ಪರೀಕ್ಷಿಸುವುದು. ಮೂರೂ ಆದ ಮೇಲೆ ನಿಮ್ಮ ಹೆಸರು, ತರಬೇತಿಯ ದಿನ, ಪರೀಕ್ಷಿಸಿದ ದಿನ, ಮಾಡಿಸಿದವರ ಹೆಸರು ಇರುವ ಪ್ರಮಾಣ ಕಂಪನಿ ಇಟ್ಟಿರಬೇಕು. ಮೂರು ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷೆ ಆಗಬೇಕು. ಮೋಟಾರ್ ಇರುವ ಪ್ಯಾಲೆಟ್ ಜ್ಯಾಕಿಗೂ ಇದೇ ನಿಯಮ. ಹಾಗಾಗಿ ಪರದೆಯ ಹಸಿರು ನೋಡಿ ‘ಗಾಡಿ ತಗೊ’ ಅನ್ನೋದು ತಪ್ಪು ಲೆಕ್ಕ.

ಭಾಷೆಯ ಮಾತೂ ಇದೆ. ತರಬೇತಿಯನ್ನು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ಪದಗಳಲ್ಲಿ ಕೊಡಬೇಕು ಅಂತ ಓಶಾ 2010ರಲ್ಲೇ ತನ್ನ ತನಿಖಾಧಿಕಾರಿಗಳಿಗೆ ಸ್ಪಷ್ಟವಾಗಿ ಬರೆದು ಕಳಿಸಿದೆ. ಓದಲು ಬಾರದವರ ಕೈಗೆ ಕಾಗದ ಕೊಟ್ಟು ‘ಓದ್ಕೋ’ ಅಂದರೆ ಅದು ತರಬೇತಿ ಆಗೋದಿಲ್ಲ. ಕನ್ನಡದ ಪಾಠ ಎಲ್ಲೂ ಸಿಗಲಿಕ್ಕಿಲ್ಲ, ನಿಜ. ಆದರೆ ಹಿಂದಿ ಬಲ್ಲ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ನಿಂತು ಹೇಳಬಹುದು, ಸುಲಭ ಇಂಗ್ಲಿಷಿನಲ್ಲಿ ಕೈಸನ್ನೆಯೊಂದಿಗೆ ತೋರಿಸಬಹುದು. ‘ನನಗೆ ಅರ್ಥವಾಗಲಿಲ್ಲ’ ಅನ್ನೋದು ಅವಮಾನದ ಮಾತಲ್ಲ, ನಿಯಮ ನಿಮಗೆ ಕೊಟ್ಟ ಮಾತು.

ಸುರಕ್ಷತೆಯ ವಿಷಯದಲ್ಲಿ ದೂರು ಕೊಡಬೇಕಾದರೆ ಓಶಾದ ಉಚಿತ ಸಂಖ್ಯೆ 1-800-321-6742. ಸುರಕ್ಷತೆಯ ಬಗ್ಗೆ ಮಾತಾಡಿದ್ದಕ್ಕೆ ಕೆಲಸದಿಂದ ತೆಗೆದರೆ, ಶಿಫ್ಟ್ ಕಡಿಮೆ ಮಾಡಿದರೆ ಅದಕ್ಕೂ ದೂರು ಇದೆ. ಆದರೆ ಅದನ್ನು 30 ದಿನದೊಳಗೆ ಕೊಡಬೇಕು. ‘ನೋಡೋಣ, ಮುಂದಿನ ತಿಂಗಳು’ ಅಂತ ಕೂತರೆ ದಾರಿ ಮುಚ್ಚಿಹೋಗುತ್ತೆ.

ರೂಟ್ 18ರ ಕಡೆಯಿಂದ ಬಸ್ಸು ಹತ್ತಿ ದಿನವೂ ನ್ಯೂಯಾರ್ಕಿಗೆ ಹೋಗುವವರಿಗೆ ಇನ್ನೊಂದು ಪಾಠ ಪರಿಚಿತ: ಲೈಂಗಿಕ ಕಿರುಕುಳ ತಡೆಯ ತರಬೇತಿ. 2018ರ ಕಾನೂನಿನ ಪ್ರಕಾರ ನ್ಯೂಯಾರ್ಕ್ ರಾಜ್ಯದಲ್ಲಿ ಕೆಲಸ ಮಾಡುವ ಎಲ್ಲರಿಗೂ ವರ್ಷಕ್ಕೊಮ್ಮೆ ಆಗಬೇಕು. ಅಲ್ಲೂ ಸುಮ್ಮನೆ ವಿಡಿಯೋ ಓಡಿಸಿಬಿಟ್ಟರೆ ಸಾಲದು. ಕಲಿಯುವವರನ್ನು ಪ್ರಶ್ನೆ ಕೇಳಬೇಕು, ಇಲ್ಲವೇ ಅವರ ಪ್ರಶ್ನೆಗೆ ಉತ್ತರ ಕೊಡಬೇಕು. ನಮ್ಮ ಹೆಣ್ಣುಮಕ್ಕಳು ಈ ಪಾಠವನ್ನಂತೂ ಓಡಿಸಬೇಡಿ. ದೂರು ಎಲ್ಲಿ, ಯಾರಿಗೆ ಕೊಡಬೇಕು ಅನ್ನೋದು ಅದರಲ್ಲೇ ಇರುತ್ತೆ. ಬೇಕಾದ ದಿನ ಹುಡುಕಲು ಮನಸ್ಸಿನ ಸ್ಥಿಮಿತ ಇರೋದಿಲ್ಲ.

ಇನ್ನು ದುಡ್ಡಿನ ಮಾತು. ಗಂಟೆ ಲೆಕ್ಕದ ಸಂಬಳದವರು ಗಮನವಿಟ್ಟು ಓದಿ. ‘ಪಾಠ ಮನೇಲಿ ಮುಗಿಸ್ಕೊಂಡು ಬಾ’ ಅಂದರೆ ಆ ಹೊತ್ತಿಗೆ ಸಂಬಳ ಇದೆಯೋ ಇಲ್ಲವೋ? ತರಬೇತಿಯ ಹೊತ್ತನ್ನು ಕೆಲಸದ ಹೊತ್ತಲ್ಲ ಅನ್ನಬೇಕಾದರೆ ಕೇಂದ್ರ ಸರ್ಕಾರದ ವೇತನ ನಿಯಮದ ನಾಲ್ಕು ಷರತ್ತುಗಳೂ ಒಟ್ಟಿಗೆ ಕೂಡಬೇಕು. ಅದು ಕೆಲಸದ ವೇಳೆಯ ಹೊರಗಿರಬೇಕು. ನಿಜವಾಗಿ ನಿಮ್ಮ ಇಚ್ಛೆಗೆ ಬಿಟ್ಟಿದ್ದಾಗಿರಬೇಕು. ನಿಮ್ಮ ಕೆಲಸಕ್ಕೆ ನೇರ ಸಂಬಂಧ ಇರಬಾರದು. ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಿರಬಾರದು. ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಕೆಲಸದ ಹೊತ್ತೇ. ‘ಕಡ್ಡಾಯ’ ಅಂತ ಮೇಲ್ ಬಂದ ಪಾಠ ಇಚ್ಛೆಯದ್ದು ಹೇಗಾಗುತ್ತೆ ಹೇಳಿ? ಆ ಹೊತ್ತು ಸೇರಿ ವಾರಕ್ಕೆ 40 ಗಂಟೆ ದಾಟಿದರೆ ಮೇಲಿನದ್ದಕ್ಕೆ ಒಂದೂವರೆ ಪಟ್ಟು. ಇಲ್ಲಿ ಸಾಧನ ನಮಗೇ ಸಾಕ್ಷಿ ಆಗುತ್ತೆ. ರಾತ್ರಿ ಎಷ್ಟು ಹೊತ್ತಿಗೆ ತೆರೆದಿರಿ, ಎಷ್ಟು ಹೊತ್ತು ಕೂತಿರಿ ಅನ್ನೋದು ಅದರೊಳಗೆ ಬರೆದಿದೆ. ನ್ಯೂಜೆರ್ಸಿಯಲ್ಲಿ 2019ರ ಕಾನೂನಿನ ನಂತರ ಬಾಕಿ ಸಂಬಳವನ್ನು ಆರು ವರ್ಷ ಹಿಂದಿನದರ ತನಕ ಕೇಳಬಹುದು. ತಿಂಗಳ ಸಂಬಳದ ಮೇಲೆ ಓವರ್‌ಟೈಮ್ ಇಲ್ಲದ ಹುದ್ದೆಯಲ್ಲಿ ಇರುವವರಿಗೆ ಈ ಲೆಕ್ಕ ಬೇರೆ.

ಎಚ್-1ಬಿ ಹುಡುಗರಿಗೆ ಒಂದು ಕಿವಿಮಾತು. ಪ್ರಾಜೆಕ್ಟ್ ಮುಗಿದು ಬೆಂಚಿನ ಮೇಲೆ ಕೂರಿಸಿ ‘ಈ ಕೋರ್ಸುಗಳನ್ನ ಮುಗಿಸ್ತಾ ಇರು, ಪ್ರಾಜೆಕ್ಟ್ ಸಿಕ್ಕಿದ ಮೇಲೆ ಸಂಬಳ’ ಅನ್ನುವವರು ಈಗಲೂ ಇದ್ದಾರೆ. ಅದು ನಡೆಯೋದಿಲ್ಲ. ಕೆಲಸ ಇಲ್ಲದಿರುವುದು ಕಂಪನಿಯ ಕಾರಣದಿಂದ ಆದರೆ ಅರ್ಜಿಯಲ್ಲಿ ಒಪ್ಪಿದ ಸಂಬಳ ಪೂರ್ತಿ ಕೊಡಲೇಬೇಕು. ದೂರು ಕಾರ್ಮಿಕ ಇಲಾಖೆಗೆ, ಡಬ್ಲ್ಯುಎಚ್-4 ಅನ್ನೋ ಫಾರ್ಮಿನಲ್ಲಿ, 12 ತಿಂಗಳೊಳಗೆ. ಬೆಂಚಿನ ದಿನಗಳಲ್ಲಿ ನೀವು ಮುಗಿಸಿದ ಕೋರ್ಸುಗಳ ಪಟ್ಟಿ, ದಿನಾಂಕ ಸಮೇತ, ಆ ದಿನಗಳಲ್ಲಿ ನೀವು ಅವರ ಕೈಕೆಳಗೇ ಇದ್ದಿರಿ ಅನ್ನೋದಕ್ಕೆ ಒಳ್ಳೆಯ ದಾಖಲೆ.

ಓದು ಮುಗಿಸಿ ಸ್ಟೆಮ್ ಒಪಿಟಿಯಲ್ಲಿರುವ ಮಕ್ಕಳಿಗಂತೂ ತರಬೇತಿಯೇ ವೀಸಾದ ಬೇರು. ಆ 24 ತಿಂಗಳು ನಿಂತಿರುವುದು ಐ-983 ಅನ್ನೋ ತರಬೇತಿ ಯೋಜನೆಯ ಮೇಲೆ. ಏನು ಕಲಿಸುತ್ತಾರೆ, ಯಾರು ನೋಡಿಕೊಳ್ಳುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಅಂತ ಬರೆದು, ಕಂಪನಿಯೂ ವಿದ್ಯಾರ್ಥಿಯೂ ಸಹಿ ಹಾಕಿರುತ್ತಾರೆ. ಮೊದಲ 12 ತಿಂಗಳೊಳಗೆ ಒಂದು, ಕೊನೆಗೆ ಒಂದು ಸ್ವಮೌಲ್ಯಮಾಪನ ಕಾಲೇಜಿಗೆ ಕೊಡಬೇಕು. ಆ ದಿನ ಬಂದಾಗ ‘ಏನು ಕಲಿತೆ’ ಅಂತ ತಲೆ ಕೆರೆದುಕೊಳ್ಳುವ ಬದಲು, ತಿಂಗಳಿಗೆ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಇಂಥ ಮಗ ಮಗಳಿದ್ದರೆ ಅಪ್ಪ ಅಮ್ಮಂದಿರೇ, ಒಮ್ಮೆ ನೆನಪಿಸಿ.

ಈಗ ಎಲ್ಲರಿಗೂ ಅನ್ವಯಿಸುವ ಮಾತು. ನಮ್ಮೂರಲ್ಲಿ ಸರ್ಕಾರಿ ನೌಕರರಿಗೆ ಸರ್ವಿಸ್ ರಿಜಿಸ್ಟರ್ ಅಂತ ಇರುತ್ತೆ. ವರ್ಗಾವಣೆ ಆದಾಗ ಆ ಎಸ್ಸಾರ್ ಪುಸ್ತಕವೂ ಅವರ ಹಿಂದೆ ಹೊಸ ಕಚೇರಿಗೆ ಹೋಗುತ್ತೆ. ಇಲ್ಲಿ ಕೆಲವು ವೃತ್ತಿಗಳಿಗೆ ಹಾಗೆ ಇದೆ. ಫಾರ್ಮಸಿಸ್ಟರು ಮುಗಿಸಿದ ಮಾನ್ಯ ಕೋರ್ಸುಗಳೆಲ್ಲ ಸಿಪಿಇ ಮಾನಿಟರ್ ಅನ್ನೋ ಖಾತೆಗೆ ಹೋಗಿ ಸೇರುತ್ತವೆ, ಅಂಗಡಿ ಬದಲಾದರೂ ಖಾತೆ ಅವರದೇ. ನರ್ಸಮ್ಮಂದಿರು ನ್ಯೂಜೆರ್ಸಿಯಲ್ಲಿ ಎರಡು ವರ್ಷಕ್ಕೆ 30 ಗಂಟೆ ಕಲಿಕೆ ತೋರಿಸಬೇಕು, ಹಾಗಾಗಿ ಪ್ರಮಾಣಪತ್ರ ಜೋಪಾನ ಮಾಡುವ ಅಭ್ಯಾಸ ಅವರಿಗಿದೆ. ಉಳಿದ ನಮ್ಮ ಎಸ್ಸಾರ್ ಪುಸ್ತಕ ಮಾತ್ರ ಕಂಪನಿಯ ಸರ್ವರಿನಲ್ಲಿದೆ. ಕೆಲಸ ಹೋದ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಪಾಸ್‌ವರ್ಡೇ ನಡೆಯೋದಿಲ್ಲ. ಎಚ್-1ಬಿಯವರಿಗೆ ಆಮೇಲೆ ಹೆಚ್ಚೆಂದರೆ 60 ದಿನ. ಆ ಅರವತ್ತು ದಿನದಲ್ಲಿ ಹೊಸ ಕೆಲಸ ಹುಡುಕುವಾಗ ‘ನಾನು ಇಂಥದ್ದೆಲ್ಲ ಕಲಿತಿದ್ದೇನೆ’ ಅನ್ನೋದಕ್ಕೆ ಕೈಯಲ್ಲಿ ಕಾಗದ ಇಲ್ಲ.

ಆದ್ದರಿಂದ ನಿಮ್ಮ ಎಸ್ಸಾರ್ ಪುಸ್ತಕ ನೀವೇ ಇಟ್ಕೊಳ್ಳಿ. ಒಂದು ನೋಟ್‌ಬುಕ್ ಸಾಕು. ಪಾಠದ ಹೆಸರು, ದಿನಾಂಕ, ಎಷ್ಟು ಹೊತ್ತು, ಮನೆಯಲ್ಲೋ ಕೆಲಸದಲ್ಲೋ, ಕೈಯಾರೆ ಹೇಳಿಕೊಟ್ಟವರು ಯಾರು. ಪ್ರಮಾಣಪತ್ರ ಕೊಟ್ಟರೆ ಆ ದಿನವೇ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ನಿಮ್ಮ ಹೆಸರಿನ ಪ್ರಮಾಣಪತ್ರ ಮಾತ್ರ, ಕಂಪನಿಯ ಪಾಠದ ಸಾಮಗ್ರಿ ಅಲ್ಲ. ಎರಡರ ಗೆರೆ ದಾಟಬೇಡಿ. ಓಶಾದ 10 ಗಂಟೆ, 30 ಗಂಟೆ ಕೋರ್ಸಿನ ಕಾರ್ಡು ಇದ್ದರೆ ಜೋಪಾನ. ಕಳೆದರೆ ಬದಲಿ ಕಾರ್ಡು ಒಂದೇ ಸಲ, ಅದೂ ಕೋರ್ಸು ಮುಗಿದು ಐದು ವರ್ಷದೊಳಗೆ ಮಾತ್ರ.

ಪಾಠ ಮುಗಿಸುವಾಗ ಮೂಲೆಯ ಗುಣಿಸು ಗುರುತು ಒತ್ತಿ ಕಿಟಕಿ ಮುಚ್ಚಬೇಡಿ, ಒಳಗಿನ ‘ಎಕ್ಸಿಟ್’ ಗುಂಡಿಯನ್ನೇ ಒತ್ತಿ. ಹಾಗೆ ಮಾಡದಿದ್ದರೆ ಕೊನೆಯ ಸುದ್ದಿ ಸರ್ವರಿಗೆ ಹೋಗದೆ ಎರಡು ಗಂಟೆಯ ಪಾಠ ‘ಅರ್ಧ ಆಗಿದೆ’ ಅಂತಲೇ ನಿಲ್ಲಬಹುದು. ಕೊನೆಯ ಪುಟದ ಒಂದು ಫೋಟೋ ತೆಗೆದಿಟ್ಟುಕೊಂಡರೆ ಜಗಳ ಇಲ್ಲ. ಇನ್ನು, ಲಾಗಿನ್ ಯಾರಿಗೂ ಕೊಡಬೇಡಿ, ಸ್ವಂತ ಮಗನಿಗೂ. ಮಗ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಲಿ, ಗುಂಡಿ ನೀವೇ ಒತ್ತಿ.

ಕೊನೆಯದಾಗಿ, ನಮ್ಮಲ್ಲೇ ಆ ಹಸಿರು ಕೆಂಪು ಪಟ್ಟಿ ನೋಡುವ ಮೇಲಿನ ಕುರ್ಚಿಯವರಿದ್ದಾರೆ, ಅಂಥ ಸಾಧನಗಳನ್ನು ಕಟ್ಟುವವರೂ ಇದ್ದಾರೆ. ಬೆಂಗಳೂರಿನ ಎಕ್‌ಸ್ಟೆಪ್ ಪ್ರತಿಷ್ಠಾನದ ಸನ್‌ಬರ್ಡ್ ತಂತ್ರಾಂಶದ ಮೇಲೇ ಭಾರತದ ದೀಕ್ಷಾ ವೇದಿಕೆ 2017ರಲ್ಲಿ ನಿಂತಿತು. ಊರಲ್ಲಿ ಮೇಷ್ಟ್ರಾಗಿರುವ ನಮ್ಮ ಅಕ್ಕ ಭಾವಂದಿರೂ 2020ರ ನಂತರ ಅದರಲ್ಲೇ ಕೋರ್ಸು ಮುಗಿಸುತ್ತಿದ್ದಾರೆ. ಅಂದರೆ ಈ ವಿದ್ಯೆಯಲ್ಲಿ ನಮ್ಮವರ ಕೈ ಇದೆ. ತರಬೇತಿಯನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನುವವರು 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದರು: ಕಲಿತವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಕೊನೆಗೆ ಫಲ ಏನು. ‘ಶೇಕಡಾ 100 ಮುಗಿದಿದೆ’ ಅನ್ನೋದು ಈ ನಾಲ್ಕರಲ್ಲಿ ಒಂದೂ ಅಲ್ಲ, ಬಾಗಿಲು ದಾಟಿದರು ಅನ್ನೋ ಲೆಕ್ಕ ಅಷ್ಟೆ. ನಿಮ್ಮ ಪರದೆಯಲ್ಲಿ ಇಪ್ಪತ್ತು ನಿಮಿಷದ ಪಾಠವನ್ನು ಯಾರಾದರೂ ಮೂರು ನಿಮಿಷದಲ್ಲಿ ಮುಗಿಸಿದ್ದು ಕಂಡರೆ ಗದರಿಸುವ ಮೊದಲು ಒಮ್ಮೆ ಹತ್ತಿರ ಹೋಗಿ ಕೇಳಿ, ಅರ್ಥ ಆಯ್ತಾ ಅಂತ. ಅದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.

ನಮ್ಮ ಹಾವೇರಿಯ ಹಿರಿಯರ ಕಥೆ ಏನಾಯ್ತು ಅಂತೀರಾ? ಆ ಭಾನುವಾರ ರಾತ್ರಿ ಅವರೊಂದಿಗೆ ಕೂತು ನಾಲ್ಕು ಸಾಲಿನ ಇಂಗ್ಲಿಷ್ ಬರೆದೆವು. ಪಾಠ ನನಗೆ ಅರ್ಥವಾಗಿರಲಿಲ್ಲ, ಮನೆಯವರ ಸಹಾಯ ತೆಗೆದುಕೊಂಡೆ, ಅದು ತಪ್ಪು. ಮತ್ತೆ ಮೊದಲಿಂದ ಮಾಡಲು ಬಿಡಿ. ಗಾಡಿಯನ್ನು ಕೈಯಾರೆ ತೋರಿಸಿದ ಮೇಲೆ ಓಡಿಸುತ್ತೇನೆ. ಸೋಮವಾರ ಚೀಟಿ ಜೇಬಿನಲ್ಲಿಟ್ಟುಕೊಂಡು ಹೋದರು. ಸೂಪರ್‌ವೈಸರ್ ಗೊಣಗಿದನಂತೆ, ಒಂದು ಎಚ್ಚರಿಕೆಯ ಕಾಗದಕ್ಕೂ ಸಹಿ ಹಾಕಿಸಿಕೊಂಡನಂತೆ. ಆದರೆ ಹಸಿರು ತೆಗೆದು ಮತ್ತೆ ‘ಮುಟ್ಟಿಲ್ಲ’ಕ್ಕೆ ತಂದ. ಹಿಂದಿ ಬಲ್ಲ ಗುಜರಾತಿ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕೂತು ಪಾಠ ಹೇಳಿದರು, ಆಮೇಲೆ ಖಾಲಿ ಅಂಗಳದಲ್ಲಿ ಗಾಡಿ ಕೊಟ್ಟು ನೋಡಿದರು.

ಮೊನ್ನೆ ಸಿಕ್ಕಿದ್ದರು. “ಹಿಂದಿನ ಗಾಲಿ ತಿರಗತೈತ್ರಿ ಅದರಾಗ. ಮೊದಲನೇ ದಿನಾನ ಕಂಬಕ್ಕ ಹೊಡೆದಿದ್ದೆ, ಪುಣ್ಯಕ್ಕ ಅಲ್ಲಿ ಯಾರೂ ಇರಲಿಲ್ಲ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು, “ಅವತ್ತ ಹೊಟ್ಟಿನೋವು ಅಂದಿದ್ದ ಚಲೋ ಆತು.”

ನಿಮ್ಮ ಮನೆಯಲ್ಲೂ ಈ ವಾರ ಒಂದು ಕೆಂಪು ಅಕ್ಷರದ ಮೇಲ್ ಇದ್ದರೆ, ಕುಕ್ಕರ್ ಇಳಿಸಿ, ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೂತು ಓದಿ. ತಿಳಿಯದಿದ್ದರೆ ಕೇಳಿ. ಆಮೇಲೆ ಒತ್ತಿ.